ನಕ್ಷತ್ರಗಳ ಜನನ ಮತ್ತು ಆರಂಭಿಕ ಬೆಳವಣಿಗೆ

ನಕ್ಷತ್ರಗಳು ಅಂತರಿಕ್ಷದಲ್ಲಿನ ಅನಿಲ ಮತ್ತು ಧೂಳಿನ ಮೋಡಗಳಲ್ಲಿ ಜನಿಸುತ್ತವೆ. ಸದರಿ ಮೋಡಗಳ ಬಹುಪಾಲು ಹೈಡ್ರೋಜನ್ ಆಗಿದ್ದು, ದಟ್ಟವಾದ ಒಳಭಾಗದ ಉಷ್ಣತೆಯು ಸುಮಾರು ಮೈನಸ್ 260 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ಇಂತಹ ಜನ್ಮಸ್ಥಳಗಳ ಪೈಕಿ ಬರಿಗಣ್ಣಿಗೆ ಕಾಣುವಂಥದ್ದು ಮಹಾವ್ಯಾಧ ನಕ್ಷತ್ರಪುಂಜದಲ್ಲಿದೆ. ವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ದಕ್ಷಿಣಕ್ಕೆ ಮಸುಕಾಗಿ ತೋರುವ ಈ ನೀಹಾರಿಕೆಯು ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿರುತ್ತದೆ. ಜನವರಿ ಮತ್ತು ಫೆಬ್ರವರಿ ತಿಂಗಳ ರಾತ್ರಿಗಳಲ್ಲಿ ಬೀದಿದೀಪಗಳಿಲ್ಲದ ಸ್ಥಳದಿಂದ ಸಾರ್ವಜನಿಕರು ಇದನ್ನು ವೀಕ್ಷಿಸಬಹುದಾಗಿದೆ. ದೂರದರ್ಶಕದ ಅವಶ್ಯಕತೆ ಇರುವುದಿಲ್ಲ.

ಮೋಡದ ದಟ್ಟ ಭಾಗವೊಂದು ತನ್ನದೇ ಗುರುತ್ವದಿಂದ ಕುಸಿದಾಗ ಅದರ ಕೇಂದ್ರದಲ್ಲಿ ರೂಪುಗೊಳ್ಳುವ ಕಾಯವನ್ನು ಆದಿನಕ್ಷತ್ರವೆಂದು ಕರೆಯಲಾಗುತ್ತದೆ. ಕುಸಿಯುವ ಅನಿಲವು ಸುತ್ತುತ್ತಲೂ ಇರುವುದರಿಂದ ನೇರವಾಗಿ ಕೇಂದ್ರಕ್ಕೆ ಬೀಳದೆ ತಟ್ಟೆಯಂತೆ ಹರಡಿಕೊಳ್ಳುತ್ತದೆ. ನಕ್ಷತ್ರವು ಬೆಳೆಯುವುದು ಬಹುಮಟ್ಟಿಗೆ ಈ ತಟ್ಟೆಯಿಂದ ಒಳಹರಿಯುವ ಅನಿಲದಿಂದಲೇ. ಗ್ರಹಗಳು ಉಂಟಾಗುವುದೂ ಇದೇ ತಟ್ಟೆಯಲ್ಲಿ.

ಈ ಒಳಹರಿವು ಒಂದೇ ಸಮನಾಗಿ ನಡೆಯುವುದೆಂದು ಹಿಂದೆ ಭಾವಿಸಲಾಗಿತ್ತು. ಆದರೆ ಲೆಕ್ಕ ತಾಳೆಯಾಗಲಿಲ್ಲ. ಬೀಳುವ ಅನಿಲದ ಶಕ್ತಿಯು ಬೆಳಕಾಗಿ ಹೊರಬರಲೇಬೇಕು. ಸೂರ್ಯನಷ್ಟು ದ್ರವ್ಯವು ಕೆಲವು ಲಕ್ಷ ವರ್ಷಗಳಲ್ಲಿ ಸಮನಾಗಿ ಜಮೆಯಾಗುವುದಾದರೆ ಆದಿನಕ್ಷತ್ರಗಳು ಈಗ ಕಾಣುವುದಕ್ಕಿಂತ ಹಲವು ಪಟ್ಟು ಪ್ರಕಾಶಮಾನವಾಗಿರಬೇಕಿತ್ತು. 1983ರಲ್ಲಿ ಉಡಾಯಿಸಲಾದ ಐರಾಸ್ ಉಪಗ್ರಹದ ಅವಕೆಂಪು ವೀಕ್ಷಣೆಗಳಿಂದ ಈ ವ್ಯತ್ಯಾಸವು ಸ್ಪಷ್ಟವಾಯಿತು. ಅನಿಲವು ಬಹುಕಾಲ ಅಲ್ಪ ಪ್ರಮಾಣದಲ್ಲಿ ಹರಿದು, ಆಗಾಗ್ಗೆ ಒಮ್ಮೆಲೇ ನುಗ್ಗುತ್ತದೆ ಎಂಬುದು ಇದಕ್ಕೆ ನೀಡಲಾಗುವ ಪ್ರಮುಖ ವಿವರಣೆಯಾಗಿರುತ್ತದೆ.

ಇದಕ್ಕೆ ಪ್ರತ್ಯಕ್ಷ ನಿದರ್ಶನಗಳೂ ಇವೆ. ಇದೇ ಪುಂಜದ ಎಫ್‌ಯು ಓರಿಯಾನಿಸ್ ನಕ್ಷತ್ರವು 1936-37ರಲ್ಲಿ ನೂರು ಪಟ್ಟಿಗೂ ಮೀರಿ ಪ್ರಕಾಶಗೊಂಡಿತು. ಇಂದಿಗೂ ಹಿಂದಿನ ಸ್ಥಿತಿಗೆ ಮರಳಿರುವುದಿಲ್ಲ. ಇಂತಹ ತೀವ್ರ ಒಳಹರಿವು ನೂರು ವರ್ಷ ಮುಂದುವರಿದಲ್ಲಿ ಸುಮಾರು ಹತ್ತು ಗುರುಗ್ರಹಗಳಷ್ಟು ದ್ರವ್ಯವು ನಕ್ಷತ್ರಕ್ಕೆ ಸೇರಬಹುದು. 2004ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಹವ್ಯಾಸಿ ವೀಕ್ಷಕ ಜೇ ಮೆಕ್‌ನೀಲ್ ಅವರು ಕೇವಲ 3 ಅಂಗುಲದ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ ಹೊಸ ನೀಹಾರಿಕೆಯೊಂದು ಕಂಡುಬಂದಿತು. ವಿ1647 ಓರಿಯಾನಿಸ್ ಎಂಬ ಎಳೆಯ ನಕ್ಷತ್ರವು ಹಠಾತ್ತನೆ ಪ್ರಕಾಶಗೊಂಡು ಸುತ್ತಲಿನ ಧೂಳನ್ನು ಬೆಳಗಿಸಿದ್ದೇ ಇದಕ್ಕೆ ಕಾರಣ. 1966ರ ಹಳೆಯ ಛಾಯಾಚಿತ್ರದಲ್ಲಿಯೂ ಅದು ದಾಖಲಾಗಿತ್ತು, ಆದರೆ ಯಾರ ಗಮನಕ್ಕೂ ಬಂದಿರಲಿಲ್ಲ. ಲಡಾಖ್‌ನ ಹಾನ್ಲೆಯಲ್ಲಿರುವ, ಬೆಂಗಳೂರು ಸಮೀಪದ ಹೊಸಕೋಟೆಯಿಂದ ನಿಯಂತ್ರಿಸಲಾಗುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕದಿಂದಲೂ ಇದರ ವೀಕ್ಷಣೆ ನಡೆಸಲಾಯಿತು. ಕ್ರಮೇಣ ಮಂಕಾದ ಸದರಿ ನಕ್ಷತ್ರವು 2008ರಲ್ಲಿ ಪುನಃ ಪ್ರಕಾಶಗೊಂಡಿತು.

ಒಳಹರಿವು ನಿಂತ ನಂತರವೂ ನಕ್ಷತ್ರವು ನಿಧಾನವಾಗಿ ಕುಗ್ಗುತ್ತಾ ಕಾಯುತ್ತದೆ. ಕೇಂದ್ರದ ಉಷ್ಣತೆಯು ಸುಮಾರು ಒಂದು ಕೋಟಿ ಡಿಗ್ರಿ ತಲುಪಿದಾಗ ಹೈಡ್ರೋಜನ್ ಹೀಲಿಯಂ ಆಗಿ ಪರಿವರ್ತನೆಗೊಳ್ಳಲಾರಂಭಿಸುತ್ತದೆ. ಸೂರ್ಯನಂತಹ ನಕ್ಷತ್ರವು ಈ ಪರಿವರ್ತನೆಯಿಂದಲೇ ಸ್ಥಿರವಾಗಿ ಬೆಳಗುವ ಹಂತ ತಲುಪಲು ಸುಮಾರು 5 ಕೋಟಿ ವರ್ಷಗಳು ಬೇಕು. ಸೂರ್ಯನ ದ್ರವ್ಯರಾಶಿಯ ಸುಮಾರು ಶೇಕಡ 8ಕ್ಕಿಂತ ಕಡಿಮೆ ಶೇಖರಿಸಿಕೊಂಡ ಕಾಯಗಳು ಈ ಹಂತವನ್ನು ತಲುಪುವುದಿಲ್ಲ. ಅವುಗಳನ್ನು ಕಂದು ಕುಬ್ಜಗಳೆಂದು ವರ್ಗೀಕರಿಸಲಾಗಿದೆ.