ಬೆನ್ನುಚೀಲಕ್ಕೂ ಚೀಟಿ ಬಂದ ಬಗೆ: ಯೊಸೆಮಿಟಿಯ ಕಥೆ

ಮಳೆ ಬಿಡುತ್ತಿದ್ದ ಹಾಗೆ ನಮ್ಮ ಯುವಕೂಟದಲ್ಲಿ ಗುಡ್ಡ ಹತ್ತುವ ಮಾತು ಶುರುವಾಗುತ್ತದೆ. ರಾಣಿಪುರಂಗೋ, ಕುಮಾರ ಪರ್ವತಕ್ಕೋ, ಕುದುರೆಮುಖಕ್ಕೋ? ಈಗೀಗ ಅದರ ಜೊತೆಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಆನ್‌ಲೈನ್ ಬುಕಿಂಗ್ ಸಿಕ್ಕಿತಾ? 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ಜನ ಸೇರಿದ ವಿಡಿಯೋ ನೀವೂ ನೋಡಿರುತ್ತೀರಿ. ಆಮೇಲೆ ಕರ್ನಾಟಕದಲ್ಲಿ ಚಾರಣಕ್ಕೆ ದಿನಕ್ಕಿಷ್ಟೇ ಜನ ಎಂಬ ಲೆಕ್ಕ ಬಂತು. "ದೇವರು ಮಾಡಿದ ಗುಡ್ಡ ಹತ್ತಲಿಕ್ಕೆ ಮನುಷ್ಯರ ಚೀಟಿ ಯಾಕೆ?" ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕಲು ನಾವು ಈ ಸಲ ಬಹಳ ದೂರ ಹೋಗುತ್ತೇವೆ, ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ. ಚೀಲ ಬೆನ್ನಿಗೆ ಹಾಕಿಕೊಂಡು ನಾಲ್ಕೈದು ದಿನ ಕಾಡಿನಲ್ಲಿ ನಡೆಯುವವರಿಗೆ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ಒಂದು ಕನಸಿನ ಜಾಗ. ಈ ಚೀಟಿಯ ಕಥೆಯೂ ಅಲ್ಲಿ ಬಹಳ ಮೊದಲೇ ನಡೆದುಹೋಗಿದೆ.

ಯೊಸೆಮಿಟಿ ಸಿಯೆರಾ ನೆವಾಡ ಬೆಟ್ಟಸಾಲಿನಲ್ಲಿದೆ. ಸುಮಾರು 3,000 ಚದರ ಕಿಲೋಮೀಟರ್. ಅದರ ನಡುವೆ ಕಡಿದಾದ ಕಲ್ಲಿನ ಗೋಡೆಗಳಿರುವ ಒಂದು ಕಣಿವೆ. ಆ ಕಣಿವೆಯಲ್ಲಿ ಅಹ್ವಾನೀಚಿ ಜನ ವಾಸವಾಗಿದ್ದರು. ಅವರ ಹಿರಿಯ ಟೆನಾಯ. ಚಿನ್ನ ಹುಡುಕಲು ಬಂದವರಿಗೂ ಬೆಟ್ಟದ ಜನರಿಗೂ ಜಗಳವಾಗಿ, 1851ರ ಮಾರ್ಚ್‌ನಲ್ಲಿ ಮರಿಪೋಸಾ ಬಟಾಲಿಯನ್ ಎಂಬ ಶಸ್ತ್ರಸಜ್ಜಿತ ದಂಡು ಇವರನ್ನು ಹಿಡಿದು ಹೊರಗೆ ಸಾಗಿಸಲು ಕಣಿವೆಗೆ ಇಳಿಯಿತು. ಗುಡಿಸಲುಗಳನ್ನು, ಕೂಡಿಟ್ಟಿದ್ದ ಆಹಾರವನ್ನು ಸುಟ್ಟರು.

ಆ ದಂಡಿನಲ್ಲಿ ಬನ್ನೆಲ್ ಎಂಬವನಿದ್ದ. ಮೇಲಿನ ಒಂದು ಸುಂದರ ಸರೋವರಕ್ಕೆ ಟೆನಾಯನ ಹೆಸರನ್ನೇ ಇಡುತ್ತೇವೆ ಎಂದು ಅವನು ಟೆನಾಯನಿಗೇ ಹೇಳಿದ. ದೊಡ್ಡ ಗೌರವ ಮಾಡುತ್ತಿದ್ದೇನೆ ಎಂದು ಅವನ ಎಣಿಕೆ. ಅದಕ್ಕೆ ಈಗಾಗಲೇ ಹೆಸರಿದೆಯಲ್ಲ ಎಂದು ಟೆನಾಯ ಉತ್ತರ ಕೊಟ್ಟನಂತೆ. ಪೈವಿಯಾಕ್, ಹೊಳೆಯುವ ಬಂಡೆಗಳ ಸರೋವರ. ಇದನ್ನು ಬರೆದಿಟ್ಟವನು ಬನ್ನೆಲ್ಲೇ. ಇವತ್ತಿಗೂ ನಕಾಶೆಯಲ್ಲಿರುವುದು ಟೆನಾಯ ಲೇಕ್. ನಮಗೆ ಇದು ಅಷ್ಟೇನೂ ದೂರದ ಮಾತಲ್ಲ. ನಾವು ಬೆಟ್ಟ ಹತ್ತಲು ಹೋಗುವ ರಾಣಿಪುರಂ ಮೊದಲು ಮಡತ್ತುಮಲ ಆಗಿತ್ತು. 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯದ ವಲಸಿಗರು ನೆಲೆಸುವಾಗ ಮಾತೆ ಮರಿಯಮ್ಮನವರನ್ನು ನೆನೆದು ರಾಣಿಯ ಊರು ಎಂದು ಕರೆದರು. ಅಲ್ಲಿ ನಡೆದದ್ದೂ ಇಲ್ಲಿ ನಡೆದದ್ದೂ ಒಂದೇ ಎಂದು ನಾವು ಹೇಳುತ್ತಿಲ್ಲ. ಭಕ್ತಿಯಿಂದ ಇಟ್ಟ ಹೆಸರಿನ ಕೆಳಗೂ ಒಂದು ಹಳೆಯ ಹೆಸರು ಇರುತ್ತದೆ, ಅಷ್ಟೇ.

ಮುಂದಿನದ್ದು ಬೇಗ ಬೇಗ ನಡೆಯಿತು. 1864ರ ಜೂನ್ 30ರಂದು, ಅಂತರ್ಯುದ್ಧದ ನಡುವೆಯೇ, ಅಧ್ಯಕ್ಷ ಲಿಂಕನ್ ಕಣಿವೆಯನ್ನೂ ಹತ್ತಿರದ ದೈತ್ಯ ಸಿಕೋಯಾ ಮರಗಳ ತೋಪನ್ನೂ ಜನರ ಉಪಯೋಗಕ್ಕೆಂದು ಕ್ಯಾಲಿಫೋರ್ನಿಯಾ ರಾಜ್ಯದ ಸುಪರ್ದಿಗೆ ಕೊಡುವ ಕಾನೂನಿಗೆ ಸಹಿ ಹಾಕಿದರು. 1868ರಲ್ಲಿ ಜಾನ್ ಮ್ಯೂರ್ ನಡೆದುಕೊಂಡೇ ಬಂದರು.

ಮ್ಯೂರ್ ಹುಟ್ಟಿದ್ದು 1838ರಲ್ಲಿ, ಸ್ಕಾಟ್ಲೆಂಡಿನ ಡನ್ಬಾರ್‌ನಲ್ಲಿ. ತಂದೆ ಬಹಳ ಕಟ್ಟುನಿಟ್ಟಿನ ಕ್ರೈಸ್ತ. ಹುಡುಗ ಹೊಸ ಒಡಂಬಡಿಕೆ ಪೂರ್ತಿ, ಹಳೆಯ ಒಡಂಬಡಿಕೆಯ ಬಹುಪಾಲು ಬಾಯಿಪಾಠ ಮಾಡಬೇಕಾಯಿತು, ತಪ್ಪಿದರೆ ಏಟು. (ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳು ಇದನ್ನು ಗಮನಿಸಬೇಕು.) ದೊಡ್ಡವರಾದ ಮೇಲೆ ಬೆಟ್ಟಗಳ ಬಗ್ಗೆ ಬರೆಯುವಾಗಲೂ ಅವರ ಭಾಷೆಯಲ್ಲಿ ಬೈಬಲಿನ ಲಯ ಕೇಳುತ್ತದೆ. ಅವರ ಪ್ರಯಾಣದ ತಯಾರಿ ಎಂದರೆ ಒಣಗಿದ ರೊಟ್ಟಿ, ಸ್ವಲ್ಪ ಚಹಾ ಪುಡಿ, ಒಂದು ನೋಟುಪುಸ್ತಕ. ಕಂಬಳಿಯನ್ನೂ ಎಷ್ಟೋ ಸಲ ಬಿಟ್ಟು ಹೋಗುತ್ತಿದ್ದರು. ನಾವು ಇದನ್ನು ಅನುಕರಿಸಬಾರದು. ಆ ಬೆಟ್ಟದಲ್ಲಿ ಬೇಸಿಗೆಯಲ್ಲೂ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬೀಳುವುದುಂಟು.

1869ರ ಬೇಸಿಗೆಯಲ್ಲಿ ಮ್ಯೂರ್ ಕುರಿ ಮಂದೆಯ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋದರು. ಮಂದೆ ಹಾದುಹೋದ ಮೇಲೆ ಹೂವೂ ಇಲ್ಲ, ಹುಲ್ಲೂ ಇಲ್ಲ. ಕುರಿಗಳಿಗೆ ಅವರು ಗೊರಸಿರುವ ಮಿಡತೆಗಳು ಎಂದು ಹೆಸರಿಟ್ಟರು. ಅವರ ಹಾಗೂ ಸಂಪಾದಕ ರಾಬರ್ಟ್ ಅಂಡರ್‌ವುಡ್ ಜಾನ್ಸನ್ ಅವರ ಪ್ರಯತ್ನದಿಂದ 1890ರ ಅಕ್ಟೋಬರ್ 1ರಂದು ಕಣಿವೆಯ ಸುತ್ತಲಿನ ಎತ್ತರದ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಕಾವಲಿಗೆ ಬಂದವರು ಕುದುರೆ ಸವಾರ ಸೈನಿಕರು. ಕೆಲವು ವರ್ಷ ಕರಿಯ ಸೈನಿಕರ ದಳವೂ ಅಲ್ಲಿ ಕಾವಲು ಮಾಡಿತು. ಕುರಿ ಮೇಯಿಸಿದವರಿಗೆ ಶಿಕ್ಷೆ ಕೊಡುವ ಕಾನೂನು ಸರಿಯಾಗಿ ಇರಲಿಲ್ಲ. ಸೈನಿಕರು ಒಂದು ಉಪಾಯ ಮಾಡಿದರು: ಕುರಿಗಳನ್ನು ಒಂದು ಗಡಿಯಿಂದ ಹೊರಗೆ ಅಟ್ಟುವುದು, ಕುರುಬರನ್ನು ಇನ್ನೊಂದು ಗಡಿಯಿಂದ. ಮಂದೆಯನ್ನು ಮತ್ತೆ ಕೂಡಿಸುವಷ್ಟರಲ್ಲಿ ಬೇಸಿಗೆಯೇ ಮುಗಿಯುತ್ತಿತ್ತು!

1903ರ ಮೇಯಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮ್ಯೂರ್ ಜೊತೆ ಮೂರು ರಾತ್ರಿ ಬಯಲಿನಲ್ಲಿ ಕಳೆದರು. ಒಂದು ರಾತ್ರಿ ಮಲಗಿದ್ದವರ ಮೇಲೆ ಹಿಮ ಬಿತ್ತು. 1906ರಲ್ಲಿ ಕಣಿವೆಯೂ ಉದ್ಯಾನಕ್ಕೆ ಸೇರಿತು. ಆದರೆ 1913ರಲ್ಲಿ ಉದ್ಯಾನದೊಳಗಿನ ಹೆಚ್ ಹೆಚೀ ಎಂಬ ಇನ್ನೊಂದು ಕಣಿವೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ನೀರಿನ ಅಣೆಕಟ್ಟು ಕಟ್ಟಲು ಸಂಸತ್ತು ಒಪ್ಪಿತು. ಅದನ್ನು ತಡೆಯಲು ವರ್ಷಗಟ್ಟಲೆ ಹೋರಾಡಿದ ಮ್ಯೂರ್ 1914ರ ಡಿಸೆಂಬರ್ 24ರಂದು ತೀರಿಕೊಂಡರು. ಅವರ ಹೆಸರಿನ ದಾರಿ 1938ರಲ್ಲಿ ಪೂರ್ತಿಯಾಯಿತು. ಯೊಸೆಮಿಟಿ ಕಣಿವೆಯಿಂದ ವಿಟ್ನಿ ಪರ್ವತದವರೆಗೆ ಸುಮಾರು 340 ಕಿಲೋಮೀಟರ್.

ಆ ಕಾಲಕ್ಕೆ ಜನ ಹೇಗೆ ಹೋಗುತ್ತಿದ್ದರು? ಮ್ಯೂರ್ ಮೊದಲ ಅಧ್ಯಕ್ಷರಾಗಿದ್ದ ಸಿಯೆರಾ ಕ್ಲಬ್ 1901ರಲ್ಲಿ ಟುವೊಲಮಿ ಹುಲ್ಲುಗಾವಲಿಗೆ ಸುಮಾರು ನೂರು ಜನರನ್ನು ಕರೆದುಕೊಂಡು ಹೋಯಿತು. ಸಾಮಾನು ಹೊರಲು ಪ್ರಾಣಿಗಳು, ಅಡುಗೆಗೆ ಜನ. ಸಣ್ಣ ದಂಡಯಾತ್ರೆಯೇ ಅನ್ನಿ. ಜನ ಬೆಟ್ಟಗಳನ್ನು ನೋಡಿದರೆ ಮಾತ್ರ ಉಳಿಸಲು ಮುಂದೆ ಬರುತ್ತಾರೆ ಎಂಬುದು ಅವರ ವಾದ. ಆ ವಾದ ಗೆದ್ದಿತು, ಗೆದ್ದದ್ದೇ ಮುಂದೆ ಸಮಸ್ಯೆಯಾಯಿತು. 1950ರ ದಶಕದಲ್ಲಿ ಡಿಕ್ ಕೆಲ್ಟಿ ಎಂಬವರು ಅಲ್ಯುಮಿನಿಯಂ ಚೌಕಟ್ಟಿಗೆ ಚೀಲ ಕಟ್ಟಿ, ಸೊಂಟಕ್ಕೆ ಪಟ್ಟಿ ಹಾಕಿ ಮಾರತೊಡಗಿದರು. ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯಿತು. ಹೇಸರಗತ್ತೆ ಇಲ್ಲದೆ, ಅಡುಗೆಯವರಿಲ್ಲದೆ, ಒಬ್ಬ ವಿದ್ಯಾರ್ಥಿಯೂ ಒಂದು ವಾರ ಕಾಡಿನಲ್ಲಿ ಇರಬಹುದಾಯಿತು. 1960ರ ದಶಕದ ಕೊನೆಗೆ ಜನ ತುಂಬಿದರು. ಸರೋವರದ ದಡಗಳಲ್ಲಿ ಬೆಂಕಿಯ ಕುಣಿಗಳು, ಹುಲ್ಲಿನಲ್ಲಿ ಅಕ್ಕಪಕ್ಕ ಸವೆದ ನಾಲ್ಕೈದು ದಾರಿಗಳು.

1970ರ ದಶಕದಲ್ಲಿ ಯೊಸೆಮಿಟಿ ಕಾಡಿನಲ್ಲಿ ರಾತ್ರಿ ತಂಗಲು ಪರ್ಮಿಟ್ ಕಡ್ಡಾಯವಾಯಿತು. ಯಾನ್ ವಾನ್ ವಾಗ್ಟೆನ್‌ಡಾಂಕ್ ಎಂಬ ವಿಜ್ಞಾನಿ ಇದಕ್ಕೆ ಲೆಕ್ಕ ಹಾಕಿದರು. ವಿಜ್ಞಾನ ಓದಿದ ನಮಗೆ ಈ ಲೆಕ್ಕವೇ ಬಹಳ ಇಷ್ಟ. ಒಂದೊಂದು ಪ್ರದೇಶ ಎಷ್ಟು ಜನರನ್ನು ತಾಳಿಕೊಳ್ಳುತ್ತದೆ ಎಂದು ಮೊದಲು ಅಂದಾಜು. ಆಮೇಲೆ, ಯಾವ ದಾರಿಯಲ್ಲಿ ಒಳಹೊಕ್ಕವರು ಯಾವ ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಮಾಹಿತಿ. ಎರಡನ್ನೂ ಕೂಡಿಸಿ, ದಾರಿ ಶುರುವಾಗುವ ಜಾಗದಲ್ಲೇ ದಿನಕ್ಕಿಷ್ಟು ಜನ ಎಂದು ಮಿತಿ. ಒಳಗೆ ಹೋದ ಮೇಲೆ "ಇಂದು ಇಲ್ಲೇ ಮಲಗು, ನಾಳೆ ಅಲ್ಲೇ ಮಲಗು" ಎಂಬ ಕಟ್ಟುಪಾಡು ಬಹುಮಟ್ಟಿಗೆ ಇಲ್ಲ. ಕಾಲು ನೋಯುತ್ತಿದ್ದರೆ ಬೇಗ ನಿಲ್ಲಬಹುದು. ಬಾಗಿಲಲ್ಲಿ ಬಿಗಿ, ಒಳಗೆ ಸ್ವಾತಂತ್ರ್ಯ. ನಮ್ಮ ಕಡೆಯ ಚಾರಣ ವ್ಯವಸ್ಥೆ ಮಾಡುವವರು ಇದನ್ನೊಮ್ಮೆ ನೋಡಿದರೆ ಒಳ್ಳೆಯದು.

ಕರಡಿಗಳ ಕಥೆ ಬೇರೆ. ಒಂದು ಕಾಲದಲ್ಲಿ ಉದ್ಯಾನದವರೇ ಪ್ರವಾಸಿಗರಿಗೆ ತೋರಿಸಲೆಂದು ಕರಡಿಗಳಿಗೆ ಕಸದ ತಿಂಡಿ ಹಾಕುತ್ತಿದ್ದರು. ಆ ಪ್ರದರ್ಶನ 1940ರ ಹೊತ್ತಿಗೆ ನಿಂತರೂ ಮನುಷ್ಯರ ಊಟದ ರುಚಿ ಕರಡಿಗಳಿಗೆ ಉಳಿಯಿತು. ತಾಯಿ ಮರಿಗೆ ಕಲಿಸಿತು. 1998ರ ಒಂದೇ ವರ್ಷದಲ್ಲಿ ಕಾರು ಒಡೆದದ್ದು, ಚೀಲ ಹರಿದದ್ದು ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಘಟನೆಗಳು. ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತಿತ್ತು. ಆಮೇಲೆ ಕಬ್ಬಿಣದ ಪೆಟ್ಟಿಗೆಗಳು ಬಂದವು. ಕಾಡಿನಲ್ಲಿ ರಾತ್ರಿ ತಂಗುವವರು ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲೇ ಊಟ ಇಡಬೇಕು ಎಂಬ ನಿಯಮ ಬಂತು. ಟೂತ್‌ಪೇಸ್ಟ್, ಸಾಬೂನು ಕೂಡ ಅದರೊಳಗೇ. ಘಟನೆಗಳು ಬಹುಪಾಲು ಇಳಿದುಹೋದವು. ಹಾಗಾಗಿ ಇಂದು ಅಲ್ಲಿಗೆ ಹೋಗುವವರ ತಯಾರಿ ಆ ಡಬ್ಬಿಯಲ್ಲಿ ಎಷ್ಟು ದಿನದ ಊಟ ಹಿಡಿಯುತ್ತದೆ ಎಂಬುದರಿಂದ ಶುರುವಾಗುತ್ತದೆ. ಪರ್ಮಿಟ್‌ಗಳಲ್ಲಿ 60 ಪಾಲು 24 ವಾರ ಮೊದಲೇ ಲಾಟರಿಯಲ್ಲಿ, ಉಳಿದ 40 ಪಾಲು ಹೊರಡುವ 7 ದಿನ ಮೊದಲು.

ಇಷ್ಟೆಲ್ಲ ಲೆಕ್ಕದಲ್ಲಿ ಕಣಿವೆಯ ಮೊದಲ ಜನ ಎಲ್ಲಿ ಹೋದರು? ಕೆಲವು ಕುಟುಂಬಗಳು ಮರಳಿ ಬಂದು ಕೂಲಿ ಮಾಡುತ್ತಾ, ಬುಟ್ಟಿ ಹೆಣೆಯುತ್ತಾ ಅಲ್ಲೇ ಇದ್ದವು. ಉದ್ಯಾನದಲ್ಲಿ ಕೆಲಸ ಇದ್ದವರಿಗೆ ಮಾತ್ರ ಮನೆ ಎಂಬ ನಿಯಮ ಬಂತು. 1969ರಲ್ಲಿ ಅವರ ಹಳ್ಳಿಯ ಕೊನೆಯ ಮನೆಗಳನ್ನೂ ಇಲ್ಲವಾಗಿಸಿದರು. ಟೆನಾಯನ ಮೊಮ್ಮಗಳು ಟೋಟುಯ, ಮರಿಯಾ ಲೆಬ್ರಾಡೊ ಎಂಬ ಹೆಸರಿನವಳು, 1851ರಲ್ಲಿ ಮಗುವಾಗಿದ್ದಾಗ ಹೊರಗೆ ಹೋದವಳು, 1929ರಲ್ಲಿ ಅಜ್ಜಿಯಾಗಿ ಒಮ್ಮೆ ಕಣಿವೆಗೆ ಬಂದಳು. ಎಲ್ಲರೂ ಹೊಗಳುವ ಆ ಬಯಲನ್ನು ನೋಡಿ, ತುಂಬ ಪೊದೆ ಬೆಳೆದಿದೆ, ಕೊಳಕಾಗಿದೆ ಎಂದಳಂತೆ. ಅವಳ ಹಿರಿಯರು ಕಾಲಕಾಲಕ್ಕೆ ಸಣ್ಣ ಬೆಂಕಿ ಹಾಕಿ ಪೊದೆ ಸುಟ್ಟು, ಓಕ್ ಮರಗಳಿಗೂ ಹುಲ್ಲಿಗೂ ಜಾಗ ಮಾಡುತ್ತಿದ್ದರು. ಬಂದವರು ಮನುಷ್ಯನ ಕೈ ಸೋಕದ ಕಾಡು ಎಂದುಕೊಂಡದ್ದು ಅವಳ ಮನೆಯವರ ಕೆಲಸವಾಗಿತ್ತು. ಬೆಂಕಿ ಪೂರ್ತಿ ನಿಲ್ಲಿಸಿದ್ದು ತಪ್ಪು ಎಂದು ಉದ್ಯಾನದ ವಿಜ್ಞಾನಿಗಳು ಒಪ್ಪಿ, 1970ರಿಂದ ಅಲ್ಲಿ ಬೇಕೆಂದೇ ಬೆಂಕಿ ಹಾಕುವ ಪದ್ಧತಿ ಶುರುವಾಯಿತು. 2018ರಲ್ಲಿ ಹಳೆಯ ಹಳ್ಳಿಯ ಜಾಗದಲ್ಲಿ ತಮ್ಮ ಸಭಾಮನೆಯನ್ನು ಮತ್ತೆ ಕಟ್ಟಲು ಆ ಜನರ ವಂಶದವರಿಗೆ ಉದ್ಯಾನದ ಒಪ್ಪಂದವೂ ಸಿಕ್ಕಿತು.