ಕಾಕನಕೋಟೆಯ ಸಾಕ್ಷಿ

ಕಬಿನಿಯ ದಡದ ಕಾಕನಕೋಟೆ ಕಾಡಿನ ಕುರುಬರ ಹಾಡಿಗಳಲ್ಲಿ ಒಂದು ಕಾಲಕ್ಕೆ ಕಡತವೆಂಬುದೇ ಇರಲಿಲ್ಲ. ಜೇನುಮರ ಯಾರದು, ಗೆಣಸು ಅಗೆಯುವ ಜಾಗ ಯಾರದು ಎಂಬ ವ್ಯಾಜ್ಯ ಎದ್ದರೆ ಹಿರಿಯರು ಯಜಮಾನನ ಮುಂದೆ ಕೂಡುತ್ತಿದ್ದರು. ಇಂಥವರ ತಾತ ಇಲ್ಲೇ ಮಣ್ಣಾದದ್ದು ಎಂದು ಹಣ್ಣಾದ ಮುದುಕಿ ಕೈ ತೋರಿದರೆ ಅದೇ ದಾಖಲೆ, ಅಲ್ಲಿಗೆ ಮಾತು ಮುಗಿಯಿತು. ಮೈಸೂರಿನ ಅರಸ ರಣಧೀರ ಕಂಠೀರವರ ಕಾಲದ ಈ ಕಾಡುಕುರುಬರನ್ನು ಮಾಸ್ತಿಯವರು ‘ಕಾಕನಕೋಟೆ’ ನಾಟಕದಲ್ಲಿ ನಮ್ಮ ಮುಂದೆ ನಿಲ್ಲಿಸಿದ್ದಾರೆ.

ಆಮೇಲೆ ಕಾಗದದ ಯುಗ ಬಂತು. 1881ರಲ್ಲಿ ಮೈಸೂರು ರಾಜ್ಯ ಬ್ರಿಟಿಷರಿಂದ ಮರಳಿ ಒಡೆಯರ ಕೈಸೇರಿತು. 1884ರಲ್ಲಿ ರಾಜ್ಯಕ್ಕೆ ಚೀಫ್ ಕೋರ್ಟ್ ಬಂತು. 1900ರಲ್ಲಿ ಅರಣ್ಯ ರೆಗ್ಯುಲೇಷನ್ ಬಂತು. ಕಾಡಿಗೆ ಎಲ್ಲೆಕಲ್ಲು ಬಿತ್ತು. ಪಟ್ಟಾ ಇಲ್ಲದವನಿಗೆ ಕಾನೂನಿನ ಕಣ್ಣಲ್ಲಿ ನೆಲವೇ ಇಲ್ಲದಂತಾಯಿತು.

ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಕಾಡಾನೆ ಹಿಂಡನ್ನು ಅಟ್ಟಿ ಹಿಡಿಯುವ ಇದೇ ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧವಾಗಿತ್ತು. ವೈಸರಾಯರೂ ರಾಜಕುಮಾರರೂ ನೋಡಲು ಬಂದರು. ಆನೆಹಿಂಡು ಯಾವ ಕಡೆ ಇಳಿಯಿತು, ಹೆಜ್ಜೆ ಎಷ್ಟು ಹೊತ್ತಿನದು ಎಂದು ಕುರುಬ ಹೇಳಿದರೆ ಆ ಮಾತನ್ನು ನಂಬಿ ಸರ್ಕಾರ ನೂರಾರು ಜನರನ್ನು ಕಾಡಿಗೆ ಇಳಿಸುತ್ತಿತ್ತು. ಆನೆಯ ವಿಷಯದಲ್ಲಿ ನಂಬಿದ ಆ ನಾಲಿಗೆಯನ್ನು ನೆಲದ ವಿಷಯದಲ್ಲಿ ನಂಬಲಿಲ್ಲ. ಇದು ಅನ್ಯಾಯವೇ ಸರಿ.

1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1974ರಲ್ಲಿ ಕಬಿನಿಗೆ ಅಣೆಕಟ್ಟು. ಖೆಡ್ಡಾದ ನೆಲ ನೀರಿನಡಿ ಸೇರಿತು, ಹಾಡಿಗಳು ಕಾಡಿನಂಚಿಗೆ ಬಂದವು. ಇದೇ ಸೀಮೆಯ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗೆ ಹೋಟೆಲ್ ಎದ್ದಾಗ ಬುಡಕಟ್ಟು ಜನರೇ ಹೈಕೋರ್ಟಿನ ಮೆಟ್ಟಿಲೇರಿದರು, 1997ರಲ್ಲಿ ಗೆದ್ದರು. ನಾಗರಹೊಳೆಯಿಂದ ಎಬ್ಬಿಸಲಾದವರ ಸ್ಥಿತಿ ತಿಳಿಯಲು ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ 3,418 ಕುಟುಂಬಗಳ ಲೆಕ್ಕ ಕೊಟ್ಟಿತು.

ಅಷ್ಟು ಹೊತ್ತಿಗೆ ಕಾನೂನು ಹೊರಳಿ ನೋಡಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕಿನ ಅರ್ಜಿಯ ವಿಚಾರಣೆ ಗ್ರಾಮಸಭೆಯಿಂದಲೇ ಶುರು. ಬಾವಿ, ಮಸಣ, ದೇವರ ಜಾಗ ಸಾಕ್ಷಿಯಾಗಿ ನಿಲ್ಲುತ್ತವೆ. ಅರ್ಜಿದಾರರಲ್ಲದ ಹಿರಿಯರ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷಿ. ನೂರು ವರ್ಷ ಹೊರಗೆ ನಿಂತಿದ್ದ ಮುದುಕಿಯ ಮಾತಿಗೆ ಕಚೇರಿಯ ಬಾಗಿಲು ತೆರೆಯಿತು.

ಆದರೆ ಅದೇ ಬಾಗಿಲಲ್ಲಿ ಹೊಸ ಸಾಕ್ಷಿಯೊಂದು ಬಂದು ನಿಂತಿತು, ಉಪಗ್ರಹ ಚಿತ್ರ. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕೃತವಾದವರನ್ನು ತೆರವು ಮಾಡುವಂತೆ ಆದೇಶಿಸಿ, ಒತ್ತುವರಿಯ ಉಪಗ್ರಹ ಸಮೀಕ್ಷೆಯನ್ನೂ ಕೇಳಿತು. ಅದೇ ತಿಂಗಳ 28ರಂದು ತೆರವಿಗೆ ತಡೆ ಕೊಟ್ಟಿತು. ಉಪಗ್ರಹ ಬಯಲನ್ನೂ ಮರವನ್ನೂ ಕಾಣಬಲ್ಲದು. ಮತ್ತಿಮರದ ನೆರಳಿನ ಗೋರಿ, ಜೇನು ಇಳಿಸುವ ಹಾದಿ ಅದಕ್ಕೆ ಕಾಣುವುದಿಲ್ಲ. ಇದನ್ನರಿತೇ ಅರಣ್ಯ ಹಕ್ಕು ಕಾಯ್ದೆಯ 2012ರ ನಿಯಮ, ಅಂಥ ಚಿತ್ರ ಬೇರೆ ಸಾಕ್ಷಿಗೆ ಪೂರಕವಾಗಬಹುದೇ ಹೊರತು ಅದರ ಬದಲಿಗೆ ನಿಲ್ಲಕೂಡದು ಎಂದು ವಿಧಿಸಿದೆ.

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳ ಮಕ್ಕಳೇ, ಖೆಡ್ಡಾ ಕಂಡ ಅಜ್ಜ ಅಜ್ಜಿಯರು ಇನ್ನು ಕೆಲವರೇ ಉಳಿದಿದ್ದಾರೆ. ಅವರನ್ನು ಕೂರಿಸಿ, ಅವರು ಹೇಳುವುದನ್ನು ಈಗಲೇ ಬರೆದುಕೊಳ್ಳಿ.