ದತ್ತಾಂಶಕ್ಕೆ ಫಲನ ಹೊಂದಿಸುವ ಕಲಿಕೆ (ಮುಂಬಯಿ)

ಅಳೆದು ಅಥವಾ ದಾಖಲೆಗಳಿಂದ ಪಡೆದ ಅಂಕಿಗಳನ್ನು ನಕ್ಷೆಯ ಮೇಲೆ ಗುರುತಿಸಿ, ಅವುಗಳ ನಡೆಗೆ ಒಪ್ಪುವ ಫಲನವನ್ನು ಹುಡುಕುವ ಶಾಲಾ ಗಣಿತದ ಭಾಗ. ಶಾಲೆಯ ಗಣಿತಕ್ಕೆ ಫಲನವೇ ಬೆನ್ನೆಲುಬಾಗಬೇಕೆಂದು ಜರ್ಮನಿಯ ಫೆಲಿಕ್ಸ್ ಕ್ಲೈನ್ ವಾದಿಸಿದ್ದು 1905ರ ಸುಮಾರಿಗೆ.

ಪಠ್ಯಕ್ರಮ

ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಹತ್ತನೆಯ ತರಗತಿಯಲ್ಲಿ ರೇಖಾತ್ಮಕ ಸಮೀಕರಣ, ವರ್ಗ ಸಮೀಕರಣ, ಸಂಖ್ಯಾಶಾಸ್ತ್ರ ಮೂರೂ ಇವೆ, ಆದರೆ ಬೇರೆ ಬೇರೆ ಅಧ್ಯಾಯಗಳಾಗಿ. ಸಮೀಕರಣ ಕೊಟ್ಟರೆ ಗೆರೆ ಎಳೆಯುವ ಅಭ್ಯಾಸ ಮಕ್ಕಳಿಗೆ ಚೆನ್ನಾಗಿಯೇ ಆಗುತ್ತದೆ; ಚುಕ್ಕೆಗಳಿಂದ ಸಮೀಕರಣಕ್ಕೆ ಬರುವ ದಾರಿ ಅಷ್ಟಾಗಿ ಪರಿಚಯವಾಗುವುದಿಲ್ಲ. ಈ ಕೊರತೆ ಸಣ್ಣದಲ್ಲ.

ರಿಕ್ಷಾ ಮೀಟರ್

2025ರ ಫೆಬ್ರವರಿಯ ದರದಂತೆ ಮುಂಬಯಿಯ ರಿಕ್ಷಾಕ್ಕೆ ಮೊದಲ 1.5 ಕಿ.ಮೀ.ಗೆ 26 ರೂ., ಮುಂದೆ ಪ್ರತಿ ಕಿ.ಮೀ.ಗೆ 17.14 ರೂ. ನಕ್ಷೆಯಲ್ಲಿ ಮೊದಲು ಮಟ್ಟಸ ಗೆರೆ, ಆಮೇಲೆ ಏರುಗೆರೆ. ಐದು ಕಿ.ಮೀ.ಗೆ 86 ರೂ. ಏರುಗೆರೆಯನ್ನು ಹಿಂದಕ್ಕೆ ಬೆಳೆಸಿದರೆ ಅದು ಹೆಚ್ಚುಕಡಿಮೆ ಮೂಲಬಿಂದುವನ್ನೇ ಮುಟ್ಟುತ್ತದೆ.

ಜನಗಣತಿಯ ಅಂಕಿಗಳು

ತರಗತಿಗೆ ಮುಂಬಯಿಯ ಜನಗಣತಿಗಿಂತ ಸಮೃದ್ಧ ಸಾಮಗ್ರಿ ಸಿಗುವುದು ಕಷ್ಟ. ದಹಿಸರ್, ಮುಲುಂಡ್‌ವರೆಗಿನ ನಗರದ ಗಡಿ 1957ರದು. ಹಾಗಾಗಿ ಮುಂದಿನ ಗಣತಿಗಳನ್ನು ನೇರವಾಗಿ ಹೋಲಿಸಬಹುದು. ಬೃಹನ್ಮುಂಬಯಿಯ ಜನಸಂಖ್ಯೆ 1961ರಲ್ಲಿ 41.52 ಲಕ್ಷ, 1971ರಲ್ಲಿ 59.71 ಲಕ್ಷ, 1981ರಲ್ಲಿ 82.43 ಲಕ್ಷ. ಇಪ್ಪತ್ತು ವರ್ಷಕ್ಕೆ ಇಮ್ಮಡಿಯಾಗುವ ಘಾತೀಯ ಫಲನ ಇಲ್ಲಿ ಸೊಗಸಾಗಿ ಕೂಡುತ್ತದೆ: 1971ಕ್ಕೆ ಅದು ಕೊಡುವ ಉತ್ತರ 58.7 ಲಕ್ಷ, ವ್ಯತ್ಯಾಸ ಒಂದೇ ಲಕ್ಷ.

ಅದೇ ಫಲನ 2001ಕ್ಕೆ 166 ಲಕ್ಷ ಹೇಳುತ್ತದೆ, ಎಣಿಕೆಯಾದದ್ದು 119.78 ಲಕ್ಷ. 2011ಕ್ಕೆ ಅದರ ಅಂದಾಜು 235 ಲಕ್ಷ, ನಿಜ 124.42 ಲಕ್ಷ. ಲೆಕ್ಕದಲ್ಲಿ ತಪ್ಪಿಲ್ಲ, ಊರು ಬದಲಾಗಿದೆ. 1982ರ ಬಟ್ಟೆ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಸಂಸಾರಗಳು ಠಾಣೆ, ನವಿ ಮುಂಬಯಿಗಳ ಕಡೆ ಸರಿದವು. 2001ರಿಂದ 2011ರೊಳಗೆ ದ್ವೀಪನಗರದ (ನಗರದ ದಕ್ಷಿಣದ ಹಳೆಯ ಭಾಗದ) ಜನಸಂಖ್ಯೆಯಂತೂ 33.38 ಲಕ್ಷದಿಂದ 30.85 ಲಕ್ಷಕ್ಕೆ ಇಳಿಯಿತು. ಆದ್ದರಿಂದ ಯಾವ ಅವಧಿಗೆ ಫಲನ ಸಲ್ಲುತ್ತದೆ ಎಂಬುದನ್ನೂ ಉತ್ತರದೊಂದಿಗೆ ಬರೆಸುವುದು ಅಗತ್ಯ. ಮೊದಲು ವೇಗವಾಗಿ ಏರಿ ನಂತರ ಬಾಗುವ ವಕ್ರರೇಖೆಯನ್ನು ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್ 1838ರಲ್ಲೇ ಸೂಚಿಸಿದ್ದ.

ಉಬ್ಬರವಿಳಿತ

ಮುಂಬಯಿಯ ಅಪೋಲೋ ಬಂದರಿನ ಸಮುದ್ರಮಟ್ಟದ ದಾಖಲೆ 1878ರಷ್ಟು ಹಿಂದಕ್ಕೆ ಹೋಗುತ್ತದೆ. ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಒಂದು ದಿನದ ಅಂಕಿಗಳಿಗೆ ಒಂದೇ ಕೊಸೈನ್ ಅಲೆ ಸ್ಥೂಲವಾಗಿ ಸಾಕು. ಹದಿನೈದು ದಿನಕ್ಕೆ ಸಾಲದು. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರ ಕಾಣಬೇಕಾದರೆ ಸೂರ್ಯನ ಸೆಳೆತದಿಂದಾಗುವ 12 ಗಂಟೆಯ ಇನ್ನೊಂದು ಅಲೆಯನ್ನು ಕೂಡಿಸಬೇಕು.